ಹೆಣ ಎಣಿಸಿದರೆ ಗೆದ್ದ ಹಾಗಾ? ದಂಗೆ ಹತ್ತಿಕ್ಕುವ ಸೈನ್ಯದ ಕೆಲಸ ಅಳೆಯುವುದು ಹೇಗೆ

ಅಂಕಿಬೊಮ್ಮ
ಬಹಳ ದಿನದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ, ಇಲ್ಲಿ ಹಾಕುತ್ತಿದ್ದೇನೆ. ಎರಡು ದೇಶದ ಸೈನ್ಯ ಎದುರುಬದುರು ನಿಂತರೆ ಯಾರ ಕೈ ಮೇಲಾಗುತ್ತಿದೆ ಅಂತ ನಕ್ಷೆ ನೋಡಿದರೆ ಗೊತ್ತಾಗುತ್ತದೆ. ಗೆರೆ ಎತ್ತ ಸರಿಯಿತು, ಅಷ್ಟೇ. ದಂಗೆ ಹತ್ತಿಕ್ಕುವ ಕೆಲಸದಲ್ಲಿ ಆ ಗೆರೆಯೇ ಇಲ್ಲ. ಹಗಲು ಗಸ್ತು ಹೋದಾಗ ಹಳ್ಳಿ ಸರ್ಕಾರದ್ದು. ಕತ್ತಲಾದ ಮೇಲೆ ಇನ್ಯಾರದೋ. ಹಾಗಾದರೆ ಅಲ್ಲಿರುವ ಬೆಟಾಲಿಯನ್ ಕೆಲಸ ಮಾಡುತ್ತಿದೆಯೋ ಸುಮ್ನೆ ಓಡಾಡುತ್ತಿದೆಯೋ ಅಂತ ಏನು ನೋಡಿ ಹೇಳುವುದು?

ಇದು ನನ್ನೊಬ್ಬನ ಗೊಂದಲ ಅಲ್ಲ. 2003ರ ಅಕ್ಟೋಬರ್‌ನಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ಡೊನಾಲ್ಡ್ ರಮ್ಸ್‌ಫೆಲ್ಡ್ ತನ್ನ ಹಿರಿಯ ಅಧಿಕಾರಿಗಳಿಗೆ ಬರೆದ ಒಂದು ಟಿಪ್ಪಣಿ ಪತ್ರಿಕೆಗೆ ಸೋರಿತು. ಭಯೋತ್ಪಾದನೆ ವಿರುದ್ಧದ ಯುದ್ಧದಲ್ಲಿ ಗೆಲ್ಲುತ್ತಿದ್ದೇವೋ ಸೋಲುತ್ತಿದ್ದೇವೋ ಹೇಳಲು ನಮ್ಮ ಹತ್ತಿರ ಅಳತೆಗೋಲೇ ಇಲ್ಲ ಎಂಬುದು ಅದರ ತಿರುಳು. ನಾವು ದಿನಾ ಹಿಡಿಯುವ, ಕೊಲ್ಲುವ ಜನರಿಗಿಂತ ಆ ಕಡೆ ಹೊಸದಾಗಿ ಸೇರುವವರು ಜಾಸ್ತಿಯಾ ಕಡಿಮೆಯಾ ಅಂತ ಅವರೇ ಕೇಳಿದ್ದರು. ಅಂಥವರಿಗೇ ಗೊತ್ತಿಲ್ಲ ಅಂದಮೇಲೆ!

ನಾನು ಅಂಕಿಅಂಶದ ಕೆಲಸದವನು, ಸೈನ್ಯದವನಲ್ಲ. ತಿಳಿದವರು ಹೇಳಿ. ದೇಶಭಕ್ತಿಯ ಭಾಷಣ ಬೇಡ, ಬೈಗುಳವೂ ಬೇಡ.

ಕಾಡುಹಾದಿ
ಈ ವಿಷಯ ಎತ್ತಿದರೆ ವಿಯೆಟ್ನಾಂನಿಂದಲೇ ಶುರು ಮಾಡಬೇಕು, ಬೇರೆ ದಾರಿಯಿಲ್ಲ. ಅಲ್ಲಿ ಅಮೆರಿಕ ಪಡೆಗಳ ಕಮಾಂಡರ್ ಆಗಿದ್ದ ಜನರಲ್ ವೆಸ್ಟ್‌ಮೋರ್ಲ್ಯಾಂಡ್ ಅವರ ಲೆಕ್ಕ ಸರಳವಾಗಿತ್ತು. ಆ ಕಡೆಯವರು ಹೊಸಬರನ್ನು ತಂದು ತುಂಬಿಸುವುದಕ್ಕಿಂತ ಬೇಗ ನಾವು ಅವರನ್ನು ಕೊಲ್ಲುತ್ತಾ ಹೋದರೆ ಒಂದು ದಿನ ತಕ್ಕಡಿ ನಮ್ಮ ಕಡೆ ವಾಲಲೇಬೇಕು. ಕೇಳುವುದಕ್ಕೆ ಸರಿಯಾಗೇ ಇದೆ ಅಲ್ವಾ? ಹಾಗಾಗಿ ಹೆಣದ ಲೆಕ್ಕವೇ ಎಲ್ಲದರ ಲೆಕ್ಕ ಆಯಿತು. ಯಾವ ಕಂಪನಿ ಕಮಾಂಡರ್‌ಗೆ ಬಡ್ತಿ, ಯಾರಿಗೆ ಶಹಭಾಸ್‌ಗಿರಿ, ಎಲ್ಲಾ ಅದರ ಮೇಲೆ.

ಅದು ಎಲ್ಲಿಗೆ ಹೋಗಿ ನಿಂತಿತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1968ರ ಡಿಸೆಂಬರ್‌ನಿಂದ 1969ರ ಮೇ ವರೆಗೆ ಮೆಕಾಂಗ್ ನದಿಯ ಮುಖಜಭೂಮಿಯಲ್ಲಿ ಅಮೆರಿಕದ 9ನೇ ಡಿವಿಷನ್ 'ಸ್ಪೀಡಿ ಎಕ್ಸ್‌ಪ್ರೆಸ್' ಅಂತ ಕಾರ್ಯಾಚರಣೆ ನಡೆಸಿತು. ಕೊಂದ ಶತ್ರುಗಳು 10,000ಕ್ಕೂ ಹೆಚ್ಚು ಅಂತ ವರದಿ. ಸಿಕ್ಕ ಆಯುಧ 748. ಈ ಎರಡು ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಹದಿಮೂರು ಹದಿನಾಲ್ಕು ಜನರಿಗೆ ಒಂದು ಬಂದೂಕು. ಮಿಕ್ಕವರು ಬರಿಗೈಯಲ್ಲಿ ಯುದ್ಧಕ್ಕೆ ಬಂದಿದ್ದರಾ? 1972ರಲ್ಲೇ ಪತ್ರಕರ್ತರು ಕೇಳಿದ ಪ್ರಶ್ನೆ ಅದು. ಸತ್ತವರಲ್ಲಿ ತುಂಬಾ ಜನ ಸಾಮಾನ್ಯ ರೈತರು ಎಂಬ ಆರೋಪ ಇವತ್ತಿಗೂ ಹೋಗಿಲ್ಲ.

ನೇರಮಾತು
ವಿಯೆಟ್ನಾಂ ಹೇಳಿ ಹೇಳಿ ಸವೆದುಹೋಗಿದೆ ಮಾರಾಯ್ರೇ. ಹೆಣ ಎಣಿಸುವುದೇ ತಪ್ಪು ಅನ್ನುವುದಾದರೆ 2009ರಲ್ಲಿ ಶ್ರೀಲಂಕಾ ಸೈನ್ಯ ಎಲ್‌ಟಿಟಿಇಯನ್ನು ಮುಗಿಸಿದ್ದು ಹೇಗೆ? ಕೊಂದರು, ಜಾಗ ಹಿಡಿದರು, ನಾಯಕನನ್ನೂ ಕೊಂದರು, ಮುಗಿಯಿತು. ನೀವು ಹೇಳುವ ನಯನಾಜೂಕಿನ ಅಳತೆ ಯಾವುದೂ ಅಲ್ಲಿ ಬೇಕಾಗಲಿಲ್ಲ.

ಕಾಡುಹಾದಿ
ಅಲ್ಲಿ ಎಲ್‌ಟಿಟಿಇ ಆ ಹೊತ್ತಿಗೆ ಸರ್ಕಾರದ ಥರ ಜಾಗ ಹಿಡಿದು ಕೂತಿತ್ತು. ಕಿಳಿನೊಚ್ಚಿಯಲ್ಲಿ ಆಡಳಿತ, ಪೊಲೀಸು, ನೌಕಾಪಡೆ, ಪುಟ್ಟ ವಿಮಾನಗಳು ಕೂಡ. ಅಂದರೆ ಅಲ್ಲಿ ಗೆರೆ ಇತ್ತು. ಅಂಕಿಬೊಮ್ಮ ಕೇಳಿದ್ದು ಗೆರೆ ಇಲ್ಲದ ಕಡೆ ಏನು ಅಂತ. ಇನ್ನು ಆ ಕೊನೆಯ ತಿಂಗಳುಗಳಲ್ಲಿ ಸತ್ತ ಸಾಮಾನ್ಯ ಜನರ ವಿಷಯ ನೀವು ಒಂದೇ ಮಾತಲ್ಲಿ ದಾಟಿಬಿಟ್ಟಿರಿ. ಅದೂ ಲೆಕ್ಕವೇ.

ಹಳೇ ಕಾರಕೂನ
ನಾನು ಒಂದು ದಂಗೆ ಪೀಡಿತ ಪ್ರದೇಶದಲ್ಲಿ ಕೆಲವು ವರ್ಷ ಇದ್ದವನು. ಬಂದೂಕು ಹಿಡಿದದ್ದಕ್ಕಿಂತ ಪೆನ್ನು ಹಿಡಿದದ್ದೇ ಜಾಸ್ತಿ. ತಿಂಗಳ ರಿಟರ್ನ್ ತುಂಬುವುದು ನನ್ನ ಕೆಲಸ. ಎಲ್ಲಿ ಅಂತ ಕೇಳಬೇಡಿ, ಯಾವ ಘಟಕ ಅಂತಲೂ ಬೇಡ.

ಆ ಫಾರಂನಲ್ಲಿ ಏನೇನಿತ್ತು ಹೇಳುತ್ತೇನೆ. ಎಷ್ಟು ಗಸ್ತು. ಎಷ್ಟು ಹೊಂಚು. ಎಷ್ಟು ಶೋಧ ಕಾರ್ಯಾಚರಣೆ. ಎಷ್ಟು ಆಯುಧ ವಶ. ಎಷ್ಟು ಮಂದಿ ಹತ, ಬಂಧನ, ಶರಣು. ಜನರಿಗೆ ನಡೆಸಿದ ವೈದ್ಯಕೀಯ ಶಿಬಿರ ಎಷ್ಟು, ಬಂದವರು ಎಷ್ಟು. ಗಮನಿಸಿದಿರಾ? ಹೆಚ್ಚುಕಮ್ಮಿ ಎಲ್ಲಾ ಕಾಲಂ ನಾವು ಏನು ಮಾಡಿದೆವು ಅನ್ನುವುದರ ಬಗ್ಗೆ. ಅದರಿಂದ ಏನಾಯಿತು ಅನ್ನುವುದಕ್ಕೆ ಜಾಗವೇ ಇಲ್ಲ.

ಗಸ್ತಿನ ಸಂಖ್ಯೆ ಹಿಂದಿನ ತಿಂಗಳಿಗಿಂತ ಕಡಿಮೆಯಾದರೆ ಮೇಲಿನಿಂದ ಫೋನ್ ಬರುತ್ತಿತ್ತು. ಅದಕ್ಕೆ ನಾವು ಏನು ಮಾಡಿದೆವು? ಉದ್ದದ ಒಂದು ಗಸ್ತನ್ನು ಮೂರು ತುಂಡು ಮಾಡಿ ಬರೆದೆವು. ಸುಳ್ಳಲ್ಲ, ಮೂರು ಸಲ ಹೊರಟೆವು, ಮೂರು ಸಲ ಬಂದೆವು. ಆದರೆ ಯಾವುದೂ ದೂರದ ಹಳ್ಳಿ ಮುಟ್ಟಲಿಲ್ಲ. ಹಾಳೆಯ ಮೇಲೆ ಆ ತಿಂಗಳು ನಮ್ಮದು ಅತ್ಯುತ್ತಮ. ದೂರದ ಹಳ್ಳಿಯವರು ಮಾತ್ರ ಆ ತಿಂಗಳು ನಮ್ಮ ಮುಖ ನೋಡಲಿಲ್ಲ.

ಅಂಕಿಬೊಮ್ಮ
ಕಾರಕೂನರೇ, ಇದು ನನಗೆ ಬೇಕಾಗಿದ್ದ ಉತ್ತರ. ಯಾವ ಉದ್ಯೋಗದಲ್ಲಾದರೂ ಇದೇ ರೋಗ. ಅಳತೆಯನ್ನೇ ಗುರಿ ಮಾಡಿದರೆ ಆ ಅಳತೆ ಕೆಟ್ಟುಹೋಗುತ್ತದೆ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿ ಬಗ್ಗೆ ಈ ಧಾಟಿಯ ಮಾತು ಹೇಳಿದರು, ಆಮೇಲೆ ಅದು ಎಲ್ಲಾ ಕಡೆ ಹಬ್ಬಿತು. ಒಂದು ವ್ಯತ್ಯಾಸ ಇದೆ. ಕಾರ್ಖಾನೆಯಲ್ಲಿ ಅಳತೆ ಕೆಟ್ಟರೆ ಮಾಲು ಕೆಡುತ್ತದೆ. ಇಲ್ಲಿ?

ಮೌನಿ 77
ಇಲ್ಲಿ ಏನಾಗುತ್ತದೆ ಅಂತ ಕೊಲಂಬಿಯಾದವರನ್ನು ಕೇಳಿ.

ಅಲ್ಲಿನ ಸೈನ್ಯಕ್ಕೆ ತಾನು ಕೊಂದ ಗೆರಿಲ್ಲಾಗಳ ಸಂಖ್ಯೆಯೇ ಸಾಧನೆಯಾಗಿತ್ತು. ಮೇಲಿನಿಂದ ಒತ್ತಡ, ಜೊತೆಗೆ 2005ರಲ್ಲಿ ರಕ್ಷಣಾ ಸಚಿವಾಲಯದ ಒಂದು ಆದೇಶದಲ್ಲಿ ಇಂಥವರನ್ನು ಹಿಡಿದರೆ, ಕೊಂದರೆ ಇಷ್ಟು ಬಹುಮಾನ ಅಂತ ಪಟ್ಟಿ. ಗೆರಿಲ್ಲಾಗಳು ಸುಲಭಕ್ಕೆ ಸಿಗುವುದಿಲ್ಲ. ಬಡ ಹುಡುಗರು ಸಿಗುತ್ತಾರೆ. ರಾಜಧಾನಿ ಬೊಗೋಟಾದ ಪಕ್ಕದ ಸೊವಾಚಾದಿಂದ ಕೆಲಸ ಕೊಡಿಸುತ್ತೇವೆ ಅಂತ ಯುವಕರನ್ನು ನೂರಾರು ಕಿಲೋಮೀಟರ್ ದೂರ ಕರೆದುಕೊಂಡು ಹೋದರು. ಕೊಂದರು. ಗೆರಿಲ್ಲಾ ಬಟ್ಟೆ ತೊಡಿಸಿದರು. ಕಾದಾಟದಲ್ಲಿ ಹತ ಅಂತ ಬರೆದರು. ಎಡಗಾಲಿನ ಬೂಟು ಬಲಗಾಲಿಗೆ ಹಾಕಿದ್ದು ಆಮೇಲೆ ಸಾಕ್ಷಿಯಾದ ಪ್ರಕರಣಗಳೂ ಇವೆ. 2008ರಲ್ಲಿ ಇದು ಹೊರಬಂತು, ಜನರಲ್‌ಗಳೂ ಸೇರಿ 27 ಮಂದಿ ಸೈನಿಕರ ಕೆಲಸ ಹೋಯಿತು. ಹೀಗೆ ಸತ್ತವರು ಎಷ್ಟು ಅಂತ 2021ರಲ್ಲಿ ಅಲ್ಲಿನ ಶಾಂತಿ ನ್ಯಾಯಮಂಡಳಿ ಹೇಳಿದ ಸಂಖ್ಯೆ 6,402. ಅದು 2002ರಿಂದ 2008ರ ನಡುವಿನದು ಮಾತ್ರ.

ಅಲ್ಲಿ ಇದಕ್ಕೆ 'ಸುಳ್ಳು ಪಾಸಿಟಿವ್' ಅನ್ನುತ್ತಾರೆ. ಅಂಕಿಬೊಮ್ಮ, ಇಲ್ಲದ್ದನ್ನು ಇದೆ ಅಂತ ತೋರಿಸುವ ಫಲಿತಾಂಶಕ್ಕೆ ನಿಮ್ಮ ವೃತ್ತಿಯಲ್ಲಿ ಹೇಳುವ ಶಬ್ದವೇ. ಓದುವಾಗ ಮೈ ಜುಮ್ಮೆನ್ನುತ್ತದೆ.

ನೇರಮಾತು
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ಆದರೂ ಒಂದು ಮಾತು. ಎಣಿಸದೇ ಇದ್ದರೆ ಏನು ಮಾಡುತ್ತೀರಿ? 'ಪರಿಸ್ಥಿತಿ ಸುಧಾರಿಸುತ್ತಿದೆ' ಅಂತ ಕಮಾಂಡರ್ ಹೇಳಿದ್ದನ್ನು ನಂಬುತ್ತೀರಾ? ಅವನಿಗೆ ಎರಡು ವರ್ಷದಲ್ಲಿ ವರ್ಗ. ಬಂದ ಮೊದಲ ಮೂರು ತಿಂಗಳು 'ಬಹಳ ಕಷ್ಟದ ಸ್ಥಿತಿ' ಅನ್ನುತ್ತಾನೆ. ಹೋಗುವ ಮುಂಚೆ ಮೂರು ತಿಂಗಳು 'ಗಣನೀಯ ಸುಧಾರಣೆ' ಅನ್ನುತ್ತಾನೆ. ಮುಂದೆ ಬಂದವನು ಮತ್ತೆ 'ಬಹಳ ಕಷ್ಟ' ದಿಂದ ಶುರು. ಹತ್ತು ಕಮಾಂಡರ್‌ಗಳು ಸುಧಾರಿಸಿದ ಮೇಲೂ ಜಾಗ ಇದ್ದ ಹಾಗೇ ಇರುತ್ತದೆ. ಕೆಟ್ಟ ಅಂಕಿಯಾದರೂ ಜಗಳ ಆಡುವುದಕ್ಕೆ ಒಂದು ಆಧಾರ.

ಹಳೇ ಕಾರಕೂನ
ಹಹ್ಹಾ, ಆ ಮೂರು ತಿಂಗಳಿನ ಮಾತು ನೂರಕ್ಕೆ ನೂರು ನಿಜ. ಹೋಗುವ ಸಾಹೇಬರ ಬೀಳ್ಕೊಡುಗೆ ಟಿಪ್ಪಣಿಯನ್ನು ನಾನೇ ಟೈಪ್ ಮಾಡಿದ್ದೇನೆ. ಬರುವ ಸಾಹೇಬರ ಮೊದಲ ಟಿಪ್ಪಣಿಯನ್ನೂ ನಾನೇ.

ಓದುಗಿತ್ತಿ
ಹೆಣದ ಲೆಕ್ಕ ಬಿಟ್ಟು ಬೇರೆ ಪ್ರಯತ್ನ ಆಗಿಲ್ಲ ಅಂತಲ್ಲ. ವಿಯೆಟ್ನಾಂನಲ್ಲೇ 1967ರಲ್ಲಿ 'ಹ್ಯಾಮ್ಲೆಟ್ ಇವ್ಯಾಲ್ಯುಯೇಷನ್ ಸಿಸ್ಟಮ್' ಅಂತ ಮಾಡಿದರು. ಊರು ಊರಿಗೂ ಮಾರ್ಕ್ಸ್ ಕೊಡುವುದು. 12,000ಕ್ಕೂ ಹೆಚ್ಚು ಸಣ್ಣ ಹಳ್ಳಿಗಳು, ಪ್ರತಿ ತಿಂಗಳು, ಪ್ರತಿ ಹಳ್ಳಿಗೂ 18 ವಿಷಯದಲ್ಲಿ ಅಂಕ. ಎ ಅಂದರೆ ಪೂರ್ತಿ ಭದ್ರ, ಇ ಅಂದರೆ ಕಷ್ಟ, ವಿ ಅಂದರೆ ವಿಯೆಟ್ ಕಾಂಗ್, ಅಂದರೆ ಕಮ್ಯುನಿಸ್ಟ್ ಗೆರಿಲ್ಲಾಗಳ ಕೈಯಲ್ಲಿ. ಎಲ್ಲಾ ಕಂಪ್ಯೂಟರ್‌ಗೆ. ಆ ಕಾಲಕ್ಕೆ ಭಾರೀ ಸಾಹಸ.

ತೊಂದರೆ ಎಲ್ಲಿ ಅಂದರೆ ಮಾರ್ಕ್ಸ್ ಹಾಕುವವನು ಆ ಜಿಲ್ಲೆಯ ಅಮೆರಿಕನ್ ಸಲಹೆಗಾರ. ಅವನಿಗೆ ಭಾಷೆ ಬರುವುದಿಲ್ಲ. ಹತ್ತಾರು ಹಳ್ಳಿಗಳಲ್ಲಿ ಕೆಲವಕ್ಕೆ ಆ ತಿಂಗಳು ಹೋಗಿಯೇ ಇರುವುದಿಲ್ಲ. ಮತ್ತೆ ಜಿಲ್ಲೆ ಸುಧಾರಿಸಬೇಕಾದ್ದು ಅವನದೇ ಕೆಲಸ. ಮೇಷ್ಟ್ರು ತನ್ನ ಪರೀಕ್ಷೆಗೆ ತಾನೇ ಮಾರ್ಕ್ಸ್ ಹಾಕಿಕೊಂಡ ಹಾಗೆ. 1967ರ ಕೊನೆಗೆ ಜನಸಂಖ್ಯೆಯಲ್ಲಿ ಶೇ 67 ಮಂದಿ ಭದ್ರವಾಗಿದ್ದಾರೆ ಅಂತ ಬಂತು. 1968ರ ಜನವರಿ ಕೊನೆಯಲ್ಲಿ, ಟೆಟ್ ಎಂಬ ಹೊಸವರ್ಷದ ಹಬ್ಬದಲ್ಲಿ, ಅವರ 'ಟೆಟ್ ದಾಳಿ'! ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಒಟ್ಟಿಗೆ.

ಆದರೆ ಅವರು ಕಲಿಯಲಿಲ್ಲ ಅಂತ ಹೇಳಲಾರೆ. 1970ರ ಹೊತ್ತಿಗೆ ಪದ್ಧತಿ ಬದಲಾಯಿಸಿದರು. ಗ್ರೇಡ್ ನೀನು ಹಾಕಬೇಡ, ಸರಳವಾದ ನೇರ ಪ್ರಶ್ನೆಗೆ ಉತ್ತರ ಕೊಡು, ಗ್ರೇಡ್ ಅನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ ಅಂತ. ಯಾವ ಉತ್ತರಕ್ಕೆ ಎಷ್ಟು ತೂಕ ಅಂತ ತುಂಬುವವನಿಗೆ ಗೊತ್ತಿರಲಿಲ್ಲ. ನನಗೆ ಇದು ಜಾಣತನದ ಬದಲಾವಣೆ ಅನ್ನಿಸುತ್ತದೆ. ಬೈಯುವ ಭರದಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಅಂಕಿಬೊಮ್ಮ
ತೂಕ ಬಚ್ಚಿಡುವುದು ಒಳ್ಳೇ ಉಪಾಯ. ಆದರೆ ಟೆಟ್ ಬಗ್ಗೆ ಒಂದು ಸಂಶಯ. ಆ ದಾಳಿಯಲ್ಲಿ ವಿಯೆಟ್ ಕಾಂಗ್‌ಗೆ ಆದ ನಷ್ಟ ಭಯಂಕರ ಅಲ್ವಾ? ಹಿಡಿದ ಊರುಗಳನ್ನೂ ಉಳಿಸಿಕೊಳ್ಳಲಿಲ್ಲ. ಸೈನಿಕ ಲೆಕ್ಕದಲ್ಲಿ ಅಮೆರಿಕ ಗೆದ್ದಿತು.

ಕಾಡುಹಾದಿ
ಗೆದ್ದಿತು. ಎರಡು ತಿಂಗಳು ಕಳೆದು ಮಾರ್ಚ್ 31ರಂದು ಅಧ್ಯಕ್ಷ ಜಾನ್ಸನ್ ಟಿವಿಯಲ್ಲಿ ಬಂದು ನಾನು ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಅಂದರು. ಇನ್ನೇನು ಬೇಕು? ಯುದ್ಧ ಗೆಲ್ಲುವುದಕ್ಕೆ ವಿಯೆಟ್ನಾಮಿಗರು ಅಮೆರಿಕದ ಸೈನ್ಯವನ್ನು ಸೋಲಿಸಬೇಕಾಗಿರಲಿಲ್ಲ. ಅಮೆರಿಕದ ಮನೆಮನೆಯಲ್ಲಿ 'ಸಾಕಪ್ಪಾ' ಅನ್ನಿಸಿದರೆ ಸಾಕಾಗಿತ್ತು. ಅದಕ್ಕೆ ದಕ್ಷಿಣ ವಿಯೆಟ್ನಾಂ ರಾಜಧಾನಿ ಸೈಗಾನ್‌ನ ಯಾವ ಫಾರಂನಲ್ಲೂ ಕಾಲಂ ಇರಲಿಲ್ಲ.

ಗಡಿಯಾರ
ಹೊಸಬ, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹಿಂಸೆ ಕಡಿಮೆಯಾಯಿತೋ ಜಾಸ್ತಿಯಾಯಿತೋ ನೋಡಿದರೆ ಸಾಲದಾ? ದಾಳಿಗಳ ಸಂಖ್ಯೆ ಅಂದರೆ ಸುಳ್ಳು ಹೇಳುವುದು ಕಷ್ಟ.

ಓದುಗಿತ್ತಿ
ಸ್ವಾಗತ. ಎಲ್ಲರೂ ಮೊದಲು ಅಲ್ಲಿಗೇ ಬರುತ್ತಾರೆ, ನಾನೂ ಬಂದಿದ್ದೆ.

ಮೊದಲನೆಯದು, ಎಣಿಸುವುದೇ ಕಷ್ಟ. ಅಫ್ಘಾನಿಸ್ತಾನದಲ್ಲಿ ನ್ಯಾಟೊ ಪಡೆ 2012ರಲ್ಲಿ ತಾಲಿಬಾನ್ ದಾಳಿ ಶೇ 7ರಷ್ಟು ಇಳಿದಿದೆ ಅಂತ ಹೇಳಿತ್ತು. 2013ರ ಫೆಬ್ರುವರಿಯಲ್ಲಿ ತಪ್ಪು ಒಪ್ಪಿಕೊಂಡರು. ಅಫ್ಘನ್ ಪಡೆಗಳಿಂದ ಬಂದ ಕೆಲವು ವರದಿಗಳು ಲೆಕ್ಕಕ್ಕೆ ಸೇರಿರಲಿಲ್ಲ, ಸೇರಿಸಿದರೆ ಇಳಿಕೆಯೇ ಇಲ್ಲ! ಅದಾದ ಮೇಲೆ ಆ ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿದರು.

ಎರಡನೆಯದು ಇದಕ್ಕಿಂತ ಮುಖ್ಯ. ಒಂದು ಜಿಲ್ಲೆ ತಣ್ಣಗಿದೆ ಅಂದರೆ ಅದಕ್ಕೆ ಎರಡು ಅರ್ಥ. ಸರ್ಕಾರ ಪೂರ್ತಿ ಹಿಡಿದಿದೆ, ಇಲ್ಲಾ ಬಂಡುಕೋರರು ಪೂರ್ತಿ ಹಿಡಿದಿದ್ದಾರೆ. ಗುಂಡು ಹಾರುವುದು ಇಬ್ಬರೂ ಜಗಳಕ್ಕೆ ನಿಂತ ಕಡೆ. ಹೊಸ ಪ್ರದೇಶಕ್ಕೆ ಸೈನ್ಯ ಕಾಲಿಟ್ಟ ಕೂಡಲೇ ದಾಳಿ ಏರುತ್ತದೆ. ಅದು ಸೋಲಲ್ಲ. ಬಿಟ್ಟು ಬಂದರೆ ಇಳಿಯುತ್ತದೆ. ಅದು ಗೆಲುವಲ್ಲ.

ಮೌನಿ 77
ಇರಾಕ್ ಸೇರಿಸಿ. 2007ರಲ್ಲಿ ಅಮೆರಿಕ ಸುಮಾರು 30,000 ಹೆಚ್ಚುವರಿ ಸೈನಿಕರನ್ನು ಕಳಿಸಿತು. ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಮೆರಿಕ ಪಡೆಗಳ ಕಮಾಂಡರ್ ಜನರಲ್ ಪೆಟ್ರೇಯಸ್ ಅಮೆರಿಕದ ಸಂಸತ್ತಿನ ಮುಂದೆ ಚಾರ್ಟ್ ಹಿಡಿದು ಕೂತರು. ಹಿಂಸೆಯ ಗೆರೆ ಕೆಳಗೆ ಬಂದದ್ದು ನಿಜ. ಯಾಕೆ ಬಂತು ಅನ್ನುವುದರ ಜಗಳ ಇನ್ನೂ ಮುಗಿದಿಲ್ಲ. ಹೊಸ ಸೈನಿಕರಿಂದಲಾ? ಪಶ್ಚಿಮದ ಅನ್ಬಾರ್ ಪ್ರಾಂತ್ಯದ ಸುನ್ನಿ ಬುಡಕಟ್ಟುಗಳು 2006ರಿಂದಲೇ ಅಲ್‌ಖೈದಾ ಮೇಲೆ ತಿರುಗಿಬಿದ್ದಿದ್ದರಿಂದಲಾ? ಶಿಯಾ ಸಶಸ್ತ್ರ ಪಡೆಯ ನಾಯಕ ಮುಕ್ತದಾ ಅಲ್ ಸದರ್ 2007ರ ಆಗಸ್ಟ್ ಕೊನೆಗೆ ಕದನವಿರಾಮ ಹೇಳಿದ್ದರಿಂದಲಾ? ಇಲ್ಲಾ ಬಾಗ್ದಾದಿನ ಎಷ್ಟೋ ಬಡಾವಣೆಗಳಲ್ಲಿ ಒಂದು ಪಂಗಡದವರನ್ನು ಓಡಿಸುವ ಕೆಲಸ ಮುಗಿದೇ ಹೋಗಿ ಕೊಲ್ಲುವುದಕ್ಕೆ ಯಾರೂ ಉಳಿದಿರಲಿಲ್ಲವಾ? ನಾಲ್ಕೂ ಕಾರಣ ಒಂದೇ ಗೆರೆಯನ್ನು ಎಳೆಯುತ್ತವೆ. ಚಾರ್ಟಿಗೆ ಬಾಯಿಲ್ಲ.

2014ರ ಜೂನ್‌ನಲ್ಲಿ ಇರಾಕ್‌ನ ಮೊಸುಲ್ ನಗರ ಐಸಿಸ್ ಕೈಗೆ ಬಿತ್ತು, ಅದು ಬೇರೆ.

ಕಾಡುಹಾದಿ
ಹಿಂಸೆಯ ಲೆಕ್ಕ ಎಷ್ಟು ದಾರಿ ತಪ್ಪಿಸಬಹುದು ಅನ್ನುವುದಕ್ಕೆ ನನಗೆ ಇಷ್ಟದ ಉದಾಹರಣೆ ಪೆರು. ಸ್ವಲ್ಪ ಉದ್ದ, ಕ್ಷಮಿಸಿ.

1992ರ ಜುಲೈ ನೆನಪಿಸಿಕೊಳ್ಳಿ. 'ಶೈನಿಂಗ್ ಪಾತ್' ಎಂಬ ಮಾವೋವಾದಿ ಸಂಘಟನೆಯ ದಂಗೆಗೆ ಹನ್ನೆರಡು ವರ್ಷ. ರಾಜಧಾನಿ ಲಿಮಾದ ಮಧ್ಯದಲ್ಲಿ, ಶ್ರೀಮಂತರ ಬಡಾವಣೆಯ ತರಾತಾ ಬೀದಿಯಲ್ಲಿ ಕಾರ್ ಬಾಂಬ್. ನಗರ ನಡುಗಿತು. ಏಪ್ರಿಲ್‌ನಲ್ಲೇ ಅಧ್ಯಕ್ಷ ಫುಜಿಮೊರಿ ಸಂಸತ್ತನ್ನು ಮುಚ್ಚಿದ್ದರು. ಆ ತಿಂಗಳ ಯಾವ ಚಾರ್ಟ್ ತೆಗೆದರೂ ಸರ್ಕಾರ ಸೋಲುತ್ತಿದೆ ಅಂತಲೇ ಬರುತ್ತಿತ್ತು.

ಅದೇ ಹೊತ್ತಿಗೆ ಪೊಲೀಸರ ಒಂದು ಪುಟ್ಟ ತಂಡ, 1990ರಲ್ಲಿ ಶುರುವಾದದ್ದು, ಲಿಮಾದಲ್ಲಿ ಒಂದು ಮನೆಯ ಕಸ ಹೆಕ್ಕುತ್ತಿತ್ತು. ನಿಜವಾಗಿ ಕಸ. ಮನೆಯಲ್ಲಿರುವುದು ನೃತ್ಯ ಕಲಿಸುವ ಹೆಂಗಸು, ಜೊತೆಗೆ ಒಬ್ಬ ಗಂಡಸು. ಕಸ ಮಾತ್ರ ಇನ್ನೂ ಜನ ಇದ್ದಾರೆ ಅನ್ನುತ್ತಿತ್ತು. ನಿರ್ದಿಷ್ಟ ಬ್ರ್ಯಾಂಡಿನ ಸಿಗರೇಟ್ ತುಂಡು. ಚರ್ಮರೋಗದ ಮುಲಾಮಿನ ಟ್ಯೂಬ್. ದಂಗೆಯ ನಾಯಕ ಅಬಿಮಾಯೆಲ್ ಗುಜ್ಮಾನ್‌ಗೆ ಸೋರಿಯಾಸಿಸ್ ಇದೆ ಅಂತ ಪೊಲೀಸರಿಗೆ ಗೊತ್ತಿತ್ತು. 1992ರ ಸೆಪ್ಟೆಂಬರ್ 12ರ ರಾತ್ರಿ ಒಳಗೆ ನುಗ್ಗಿದರು. ಅವನು ಮಹಡಿಯ ಮೇಲೆ ಕೂತಿದ್ದ. ಯಾರೂ ಸಾಯಲಿಲ್ಲ.

ಸಂಘಟನೆಯ ಬೆನ್ನು ಮುರಿದದ್ದು ಆವತ್ತು. ಈಗ ಹೇಳಿ, ಆ ತಂಡದ ಆ ಜುಲೈ ತಿಂಗಳ ಸಾಧನೆ ಏನು ಅಂತ ಫಾರಂನಲ್ಲಿ ಬರೆಯುತ್ತಿದ್ದಿರಿ? ಹತ: ಸೊನ್ನೆ. ವಶಪಡಿಸಿಕೊಂಡದ್ದು: ಕಸ.

ನೇರಮಾತು
ಕಥೆ ಚೆನ್ನಾಗಿದೆ. ಆದರೆ ಇದು ಲಾಟರಿ ಹೊಡೆದವನ ಕಥೆ. ಇಡೀ ಸಂಘಟನೆ ಒಬ್ಬನ ತಲೆಯ ಮೇಲೆ ನಿಂತಿತ್ತು, ಆ ತಲೆ ಸಿಕ್ಕಿತು. ತಾಲಿಬಾನ್‌ನ ಮುಲ್ಲಾ ಒಮರ್ 2013ರಲ್ಲೇ ಸತ್ತಿದ್ದರು, ಎರಡು ವರ್ಷ ಹೊರಗೆ ಗೊತ್ತೇ ಆಗಲಿಲ್ಲ. ಏನೂ ನಿಲ್ಲಲಿಲ್ಲ.

ಕಾಡುಹಾದಿ
ಒಳ್ಳೇ ಏಟು. ಒಪ್ಪಿಕೊಂಡೆ, ಎಲ್ಲಾ ಕಡೆ ಹೊಂದುವುದಿಲ್ಲ.

ಓದುಗಿತ್ತಿ
ಅಫ್ಘಾನಿಸ್ತಾನದ ಮಾತು ಬಂದದ್ದಕ್ಕೆ ಇನ್ನೊಂದು. 407 ಜಿಲ್ಲೆಗಳಲ್ಲಿ ಯಾರ ಹಿಡಿತ ಅಂತ ಅಮೆರಿಕದ ಸೈನ್ಯ ನಿಯಮಿತವಾಗಿ ಲೆಕ್ಕ ಕೊಡುತ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಸರ್ಕಾರದ ಹಿಡಿತ ಅಥವಾ ಪ್ರಭಾವದಲ್ಲಿ ಇದ್ದದ್ದು 219, ಅಂದರೆ ಶೇ 53.8. ಇಳಿಯುತ್ತಲೇ ಇತ್ತು. 2019ರಲ್ಲಿ ಈ ಲೆಕ್ಕ ಹಾಕುವುದನ್ನೇ ಬಿಟ್ಟರು. ಕಮಾಂಡರ್‌ಗೆ ನಿರ್ಧಾರ ತೆಗೆದುಕೊಳ್ಳಲು ಇದರಿಂದ ಹೆಚ್ಚು ಉಪಯೋಗವಿಲ್ಲ ಅಂತ ಕಾರಣ. 2021ರ ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ಜ್ವರ ಏರುತ್ತಿದೆ ಅಂತ ಥರ್ಮಾಮೀಟರ್ ಎಸೆದ ಹಾಗೆ.

ಇನ್ನು ಅಫ್ಘನ್ ಸೈನ್ಯ, ಪೊಲೀಸ್ ಸೇರಿ ಹಾಳೆಯ ಮೇಲೆ 3 ಲಕ್ಷ. ಎಷ್ಟು ಜನಕ್ಕೆ ತರಬೇತಿ, ಎಷ್ಟು ಬಂದೂಕು, ಎಷ್ಟು ವಾಹನ, ಎಲ್ಲದಕ್ಕೂ ಲೆಕ್ಕ ಇತ್ತು. ಇವರಲ್ಲಿ ಸಂಬಳದ ಪಟ್ಟಿಯಲ್ಲಿ ಮಾತ್ರ ಇದ್ದ 'ಭೂತ ಸೈನಿಕರು' ಎಷ್ಟೋ. ಕೊನೆಗೆ ಬೇಕಾಗಿದ್ದ ಒಂದೇ ಅಂಕಿ ಏನು? ಸಂಬಳ, ಅನ್ನ, ಮದ್ದುಗುಂಡು ಬರುವುದು ನಿಂತರೆ ಇವರಲ್ಲಿ ಎಷ್ಟು ಜನ ಠಾಣೆಯಲ್ಲಿ ಉಳಿಯುತ್ತಾರೆ ಅನ್ನುವುದು. ಅದನ್ನು ಮುಂಚೆಯೇ ಅಳೆಯುವುದು ಹೇಗೆ, ನೀವೇ ಹೇಳಿ.

ಅಂಕಿಬೊಮ್ಮ
ಎಲ್ಲರ ಮಾತು ಓದಿ ಒಂದು ಯೋಚನೆ ಬಂತು, ತಪ್ಪಿದ್ದರೆ ತಿದ್ದಿ. ಕೆಟ್ಟ ಅಳತೆಗಳಲ್ಲಿ ಒಂದು ಸಾಮ್ಯ ಇದೆ. ಅಂಕಿ ಹೇಳುವವನಿಗೆ ಅದರಿಂದ ಏನೂ ಖರ್ಚಾಗುವುದಿಲ್ಲ, ಲಾಭವೇ. 'ಹತ್ತು ಹತ' ಅಂತ ಬರೆದವನಿಗೆ ಪದಕ. 'ಎ ಗ್ರೇಡ್' ಅಂತ ಬರೆದವನಿಗೆ ಬಡ್ತಿ. ಹಾಗಾದರೆ ಹೇಳುವವನಿಗೆ ಖರ್ಚಾಗುವಂಥ ಅಂಕಿ ಹುಡುಕಿದರೆ?

ಉದಾಹರಣೆಗೆ, ರಸ್ತೆಯಲ್ಲಿ ಹೂತಿಟ್ಟ ಬಾಂಬು. ಸಿಡಿದದ್ದೆಷ್ಟು ಅನ್ನುವುದಕ್ಕಿಂತ ಊರಿನವರು ಮುಂಚೆಯೇ ಬಂದು ತಿಳಿಸಿದ್ದೆಷ್ಟು ಅಂತ ನೋಡಿ. ಹೇಳಿದವನು ಸಿಕ್ಕಿಬಿದ್ದರೆ ಅವನ ಕಥೆ ಮುಗಿಯಿತು. ಆದರೂ ಹೇಳಿದ ಅಂದರೆ, ನಾಳೆಯೂ ಇಲ್ಲಿ ಇರುವವರು ನೀವೇ ಅಂತ ಅವನು ಜೀವ ಪಣಕ್ಕಿಟ್ಟಿದ್ದಾನೆ.

ಕಾಡುಹಾದಿ
ಇದಕ್ಕೆ ಮಲಯಾ, ಅಂದರೆ ಈಗಿನ ಮಲೇಷ್ಯಾದ ಭಾಗ, ಸರಿಯಾದ ಉದಾಹರಣೆ. ಕಮ್ಯುನಿಸ್ಟ್ ದಂಗೆ ಹತ್ತಿಕ್ಕಲು ಬ್ರಿಟಿಷರು ಹೇರಿದ, 1948ರಿಂದ 1960ರ ತುರ್ತುಸ್ಥಿತಿ. ಸುಮಾರು 5 ಲಕ್ಷ ಜನರನ್ನು ಕಾಡಂಚಿನಿಂದ ಎಬ್ಬಿಸಿ ಬೇಲಿ ಹಾಕಿದ 'ಹೊಸ ಹಳ್ಳಿ'ಗಳಲ್ಲಿ ಕೂರಿಸಿದರು, ಅಕ್ಕಿ ಲೆಕ್ಕ ಹಾಕಿ ಕೊಟ್ಟರು, ಕರ್ಫ್ಯೂ ಹಾಕಿದರು. ಹಿಂಸೆಯೇ ಅದು, ಅಲ್ಲ ಅನ್ನುವುದಿಲ್ಲ. ಆದರೆ 1953ರ ಸೆಪ್ಟೆಂಬರ್‌ನಲ್ಲಿ ಬ್ರಿಟಿಷರು ಮಲಾಕ್ಕಾದ ಒಂದು ಭಾಗವನ್ನು 'ಬಿಳಿ ಪ್ರದೇಶ' ಅಂತ ಘೋಷಿಸಿದರು. ಇಲ್ಲಿ ದಂಗೆ ಮುಗಿದಿದೆ, ಕರ್ಫ್ಯೂ ಇಲ್ಲ, ಅಕ್ಕಿಯ ನಿರ್ಬಂಧ ಇಲ್ಲ.

ಇದರ ಸೊಗಸು ನೋಡಿ. 'ಪರಿಸ್ಥಿತಿ ಹಿಡಿತದಲ್ಲಿದೆ' ಅಂತ ಬಾಯಲ್ಲಿ ಹೇಳುವುದಕ್ಕೆ ಖರ್ಚಿಲ್ಲ. ಆದರೆ ಬಿಳಿ ಅಂತ ಹೇಳಿದರೆ ಬೇಲಿಯ ಬಿಗಿ ಸಡಿಲ ಮಾಡಬೇಕು. ಸುಳ್ಳಾಗಿದ್ದರೆ ಮರುವಾರವೇ ಬಂಡುಕೋರರಿಗೆ ಅಕ್ಕಿ ಹೋಗುತ್ತದೆ, ಹೇಳಿದ ಅಧಿಕಾರಿಯ ಮುಖಕ್ಕೆ ಹೊಡೆಯುತ್ತದೆ. ಹಾಗಾಗಿ ಸುಮ್ನೆ ಬಿಳಿ ಬಳಿಯುವ ಹಾಗಿಲ್ಲ. ಆಮೇಲೆ ಒಂದೊಂದೇ ಪ್ರದೇಶ ಹೀಗೆ ಬಿಳಿಯಾಯಿತು. ಪಕ್ಕದ ಊರಿನವರಿಗೂ ಕಣ್ಣಿಗೆ ಕಾಣುತ್ತಿತ್ತು, ಅವರಿಗೆ ಕರ್ಫ್ಯೂ ಇಲ್ಲ ನಮಗಿದೆ ಅಂತ.

ಮೌನಿ 77
ಮಲಯಾವನ್ನು ಜಾಸ್ತಿ ಹೊಗಳಬೇಡಿ. 1948ರ ಡಿಸೆಂಬರ್‌ನಲ್ಲಿ ಬಟಾಂಗ್ ಕಾಲಿಯಲ್ಲಿ 24 ಜನ ನಿರಾಯುಧ ಹಳ್ಳಿಗರನ್ನು ಬ್ರಿಟಿಷ್ ಸೈನಿಕರು ಗುಂಡಿಟ್ಟು ಕೊಂದರು. ಮೊದಲು ಅದೂ ಬಂಡುಕೋರರ ವಿರುದ್ಧದ ಯಶಸ್ಸು ಅಂತಲೇ ವರದಿಯಾಗಿತ್ತು. ಹೆಣದ ಲೆಕ್ಕ ಅಮೆರಿಕದವರು ಕಂಡುಹಿಡಿದದ್ದಲ್ಲ.

ಮತ್ತೆ ಅಂಕಿಬೊಮ್ಮ, ಮಾಹಿತಿ ಕೊಡುವವನು ಜೀವ ಪಣಕ್ಕಿಡುತ್ತಾನೆ ಅನ್ನುವುದು ಅರ್ಧ ಸತ್ಯ. ಹಳೇ ಜಮೀನು ಜಗಳ ತೀರಿಸಿಕೊಳ್ಳುವುದಕ್ಕೂ ಹೆಸರು ಕೊಡುತ್ತಾರೆ. ಪಟ್ಟಿ ಕೆಟ್ಟದಾಗಿದ್ದರೆ ಏನಾಗುತ್ತದೆ ಅಂತ ಉತ್ತರ ಐರ್ಲೆಂಡ್ ನೋಡಿ. 1971ರ ಆಗಸ್ಟ್ 9ರಂದು ವಿಚಾರಣೆ ಇಲ್ಲದೆ 342 ಮಂದಿಯನ್ನು ಬ್ರಿಟಿಷ್ ಸೈನ್ಯ ಹಿಡಿದುಕೊಂಡು ಹೋಯಿತು. ಹಳತಾದ ಪಟ್ಟಿ, ಎಷ್ಟೋ ಮಂದಿಗೆ ಬಂಡುಕೋರರ ಜೊತೆ ಸಂಬಂಧವೇ ಇರಲಿಲ್ಲ. ಬಂಧನದ ಕಾಲಂನಲ್ಲಿ ಭರ್ಜರಿ ಸಾಧನೆ. ಆ ಕೋಪಕ್ಕೆ ಬ್ರಿಟಿಷ್ ಆಳ್ವಿಕೆ ವಿರುದ್ಧ ಹೋರಾಡುತ್ತಿದ್ದ ಬಂಡುಕೋರ ಪಡೆ ಐಆರ್‌ಎಗೆ ಸೇರಲು ಹುಡುಗರು ಸಾಲುಗಟ್ಟಿದರು. ಮರುವರ್ಷ 1972ರಲ್ಲಿ ಸತ್ತವರು 480ರ ಆಸುಪಾಸು. ಆ ಮೂವತ್ತು ವರ್ಷದಲ್ಲೇ ಅತಿ ಕೆಟ್ಟ ವರ್ಷ.

ಅಂಕಿಬೊಮ್ಮ
ಸರಿ. ಹಾಗಾದರೆ ಮಾಹಿತಿ ಬಂದದ್ದೆಷ್ಟು ಅನ್ನುವುದಲ್ಲ, ಬಂದದ್ದರಲ್ಲಿ ನಿಜವಾದದ್ದೆಷ್ಟು ಅಂತ ಎಣಿಸಬೇಕು. ತಿದ್ದಿದ್ದಕ್ಕೆ ಥ್ಯಾಂಕ್ಸ್.

ಐರ್ಲೆಂಡ್ ಲೆಕ್ಕ ರಮ್ಸ್‌ಫೆಲ್ಡ್ ಪ್ರಶ್ನೆಗೇ ವಾಪಸ್ ಬರುತ್ತದೆ. 2009ರಲ್ಲಿ ಅಫ್ಘಾನಿಸ್ತಾನದ ಕಮಾಂಡರ್ ಆಗಿದ್ದ ಮೆಕ್‌ಕ್ರಿಸ್ಟಲ್ ಹೇಳುತ್ತಿದ್ದ ಲೆಕ್ಕ ಇದು: ಹತ್ತು ಬಂಡುಕೋರರಲ್ಲಿ ಇಬ್ಬರನ್ನು ಕೊಂದರೆ ಉಳಿಯುವುದು ಎಂಟಲ್ಲ, ಇಪ್ಪತ್ತೂ ಆಗಬಹುದು. ಸತ್ತವರ ಅಣ್ಣತಮ್ಮಂದಿರು ಬರುತ್ತಾರೆ.

ಗಡಿಯಾರ
ನಮ್ಮ ದೇಶದ ನಕ್ಸಲ್ ಪೀಡಿತ ಜಿಲ್ಲೆಗಳ ಪಟ್ಟಿ ಇದರಲ್ಲಿ ಎಲ್ಲಿ ಬರುತ್ತದೆ? 2018ರ ಏಪ್ರಿಲ್‌ನಲ್ಲಿ 126ರಿಂದ 90ಕ್ಕೆ, 2021ರಲ್ಲಿ 70ಕ್ಕೆ, 2024ರಲ್ಲಿ 38ಕ್ಕೆ ಇಳಿಯಿತು. ಇದು ಒಳ್ಳೇ ಅಳತೆಯಾ?

ಓದುಗಿತ್ತಿ
ಸ್ವಲ್ಪ ಒಳ್ಳೆಯದು, ಯಾಕೆ ಅಂದರೆ ಇದರಲ್ಲಿ ಎರಡು ಕಡೆಯಿಂದ ಎಳೆದಾಟ ಇದೆ. ಕೇಂದ್ರಕ್ಕೆ ಪಟ್ಟಿ ಚಿಕ್ಕದಾದರೆ ಹೆಮ್ಮೆ. ರಾಜ್ಯಕ್ಕೆ ಪಟ್ಟಿಯಲ್ಲಿ ಇದ್ದರೆ ಭದ್ರತಾ ವೆಚ್ಚದ ಹಣ ವಾಪಸ್ ಸಿಗುತ್ತದೆ, ಹಾಗಾಗಿ ಹೊರಗೆ ಹೋಗಲು ಅವಸರ ಇಲ್ಲ. ಒಬ್ಬರೇ ಮಾರ್ಕ್ಸ್ ಹಾಕುವುದಕ್ಕಿಂತ ಇದು ವಾಸಿ. 2018ರಲ್ಲಿ 44 ಜಿಲ್ಲೆ ತೆಗೆದರು, ಜೊತೆಗೆ 8 ಹೊಸದು ಸೇರಿಸಿದರು. ಆ 8 ಹೊಸದರಲ್ಲಿ ಕೆಲವು ಇನ್ನೂ ಏನೂ ಆಗದಿದ್ದರೂ ಮುಂಜಾಗ್ರತೆಗೆ ಸೇರಿಸಿದ್ದು. ಅಂದರೆ ಒಂದೇ ಪಟ್ಟಿ ಕಾಯಿಲೆಯನ್ನೂ ಹೇಳುತ್ತದೆ, ಲಸಿಕೆಯನ್ನೂ ಹೇಳುತ್ತದೆ. ಬರೀ ಸಂಖ್ಯೆ ನೋಡಿದರೆ ಇದು ಗೊತ್ತಾಗುವುದಿಲ್ಲ.

ಕಾಲದ ವಿಷಯವೂ ಇದೆ. ಮಿಜೋರಾಂ ದಂಗೆ 1966ರಲ್ಲಿ, ಒಪ್ಪಂದ 1986ರಲ್ಲಿ. ಮಧ್ಯದ ಇಪ್ಪತ್ತು ವರ್ಷದ ಯಾವ ತಿಂಗಳ ವರದಿ ನೋಡಿ ದಂಗೆಯ ನಾಯಕ ಲಾಲ್‌ಡೆಂಗಾ ಅವರೇ ಮುಖ್ಯಮಂತ್ರಿಯಾಗುತ್ತಾರೆ ಅಂತ ಊಹಿಸುತ್ತಿದ್ದಿರಿ?

ನೇರಮಾತು
ಇಷ್ಟೆಲ್ಲಾ ಆದಮೇಲೆ ನನಗೆ ಹಿಡಿಸಿದ್ದು ದಂಗೆ ಹತ್ತಿಕ್ಕುವ ವಿಷಯದ ತಜ್ಞ ಡೇವಿಡ್ ಕಿಲ್‌ಕಲನ್ ಅಫ್ಘಾನಿಸ್ತಾನದ ಬಗ್ಗೆ ಹೇಳಿದ ಒಂದು ಅಳತೆ, ತರಕಾರಿ ಬೆಲೆ. ದೂರದಿಂದ ಬರುವ ತರಕಾರಿಗೆ ಪೇಟೆಯಲ್ಲಿ ಎಷ್ಟು ಕೊಡಬೇಕು ಅನ್ನುವುದರಲ್ಲಿ ಎಲ್ಲಾ ಸೇರಿರುತ್ತದೆ. ದಾರಿಯಲ್ಲಿ ಯಾರು ಯಾರಿಗೆ ಮಾಮೂಲು ಕೊಟ್ಟರು, ಲಾರಿಯವನು ಜೀವಭಯಕ್ಕೆ ಎಷ್ಟು ಬಾಡಿಗೆ ಏರಿಸಿದ, ಎಲ್ಲಾ. ವ್ಯಾಪಾರಿಗೆ ಸುಳ್ಳು ಹೇಳಿದರೆ ನಷ್ಟ. ಅಂಕಿಬೊಮ್ಮನ ನಿಯಮಕ್ಕೆ ಹೊಂದುತ್ತದೆ.

ಮಳೆ ಬರದಿದ್ದರೂ ಬೆಲೆ ಏರುತ್ತದೆ ಅನ್ನಬೇಡಿ, ಗೊತ್ತು.

ಹಳೇ ಕಾರಕೂನ
ತರಕಾರಿಯಷ್ಟು ದೊಡ್ಡ ಮಾತು ನನಗೆ ಗೊತ್ತಿಲ್ಲ. ನಮ್ಮಲ್ಲಿ ಒಬ್ಬ ಸುಬೇದಾರರಿದ್ದರು. ಊರೊಳಗೆ ಗಾಡಿ ಹೋಗುವಾಗ ಅವರು ನೋಡುತ್ತಿದ್ದದ್ದು ಒಂದೇ, ಮಕ್ಕಳು ರಸ್ತೆಗೆ ಬರುತ್ತಾರಾ ಅಂತ. ಮಕ್ಕಳು ಓಡಿಬಂದರೆ ಆರಾಮಾಗಿ ಕೂರುತ್ತಿದ್ದರು. ಬೀದಿ ಖಾಲಿ ಇದ್ದರೆ ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿ ನಡೆಸುತ್ತಿದ್ದರು. ಎರಡು ಸಲ ಅದರಿಂದಲೇ ನಾವು ಉಳಿದೆವು. ಇದನ್ನು ರಿಟರ್ನ್‌ನಲ್ಲಿ ಬರೆಯೋಣ ಅಂತ ನಾನು ಒಮ್ಮೆ ಹೇಳಿದ್ದೆ. ಕಾಲಂ ಇಲ್ಲ ಅಂದರು.

ಅಂಕಿಬೊಮ್ಮ
ಕಾಲಂ ಇದ್ದಿದ್ದರೆ ಮುಂದಿನ ತಿಂಗಳು ಯಾರೋ ಟಾಫಿ ಹಂಚಿ ಮಕ್ಕಳನ್ನು ರಸ್ತೆಗೆ ಕರೆಸುತ್ತಿದ್ದರು.

ಹಳೇ ಕಾರಕೂನ
ಕರೆಸದೇ ಬಿಡುತ್ತಿದ್ದರಾ! ಟಾಫಿ ಇಂಡೆಂಟಿಗೆ ನಾನೇ ಸಹಿ ಹಾಕುತ್ತಿದ್ದೆ.